ಅಂಗಳದಲ್ಲೇ ನಿಂತು ರೇಡಿಯೊ ಹಚ್ಚಿದವನು

ನಿನ್ನೆ ಟ್ರಂಕಿನಲ್ಲಿ ಅಪ್ಪನ ರೇಡಿಯೊ ಸಿಕ್ಕಿತು. ಚರ್ಮದ ಕವಚ ಬಿಚ್ಚಿದೊಡನೆ ಮುಗ್ಗಲು ವಾಸನೆ ಬಂತು.

ಕೆನಾಲಿನ ನೀರಿಗೆ ಮೊದಲ ಭತ್ತ ಬೆಳೆದಾಗ ಅಪ್ಪ ಅದನ್ನು ಶಹಾಪುರದಿಂದ ತಂದಿದ್ದರು. ನಾಲ್ಕು ಬ್ಯಾಂಡಿನದು. ಎರಡು ದಿನ ತಿರುಗಿಸಿದರೂ ಪರದೇಶದ ಒಂದು ಸ್ಟೇಷನ್ನೂ ಹತ್ತಲಿಲ್ಲ, ಬರೀ ಕರಕರ.

ಮೂರನೆಯ ದಿನ ಅಪ್ಪ ಹೊಲಕ್ಕೆ ಹೋದಾಗ ನಾನು ಕಟ್ಟೆಯ ಮೇಲೆ ಕೂತು ಗುಂಡಿ ತಿರುಗಿಸುತ್ತಿದ್ದೆ. ಕೂಲಿಗೆ ಬರುತ್ತಿದ್ದ ನಿಂಗಪ್ಪ ಕಾಕಾ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಕೆನಾಲ್ ತೋಡುವಾಗ ಕ್ಯಾಂಪಿನ ಸಾಹೇಬರ ರೇಡಿಯೊ ಹಚ್ಚುತ್ತಿದ್ದವನು ಅವನೇ. ಆದರೆ ಅವನ ಜಾತಿಯವರು ನಮ್ಮ ಕಟ್ಟೆ ಹತ್ತುವಂತಿರಲಿಲ್ಲ.

ಅವನು ಎದ್ದು ನಿಂತು ಅಲ್ಲಿಂದಲೇ ಹೇಳಿದ: “ತಂಗಿ, ಬ್ಯಾಂಡ್ ಬದಲ್ ಮಾಡು. ಏರಿಯಲ್ ಕಡ್ಡಿ ಪೂರಾ ಜಗ್ಗಿ, ಅರಿವಿ ಒಣ ಹಾಕೋ ತಂತಿಗಿ ಹಚ್ಚು. ಈಗ ಮುಳ್ಳು ಕೂದಲೆಳಿಯಷ್ಟ ಸರಸು. ದಾಟಿತು, ಹಿಂದಕ್ಕ ಬಾ.”

ಕರಕರ ಸರಿದು ಪರದೇಶದ ಸ್ಟೇಷನ್ನಿನ ಹಿಂದಿ ಸುದ್ದಿ ಸ್ವಚ್ಛವಾಗಿ ಕೇಳಿತು.

ಸಂಜೆ ಅಪ್ಪ, “ಯಾರು ಹಚ್ಚಿದ್ರು?” ಎಂದು ಕೇಳಿದರು.

“ನಾನ ಹಚ್ಚೀನಿ,” ಎಂದೆ.

ಅಪ್ಪ ಓಣಿಯವರನ್ನೆಲ್ಲ ಕರೆದು ನನ್ನ ಬೆನ್ನು ತಟ್ಟಿದರು. ಅಂಗಳದತ್ತ ತಿರುಗಿ, “ನೋಡಿದೇನೋ ನಿಂಗ್ಯಾ?” ಎಂದರು.

ನಿಂಗಪ್ಪ ಕಾಕಾ ಹಗ್ಗದಿಂದ ತಲೆ ಎತ್ತಲಿಲ್ಲ. “ಹೌದ್ರಿ ಗೌಡ್ರ, ಸಣ್ಣವ್ವಾರು ಹಚ್ಯಾರ,” ಎಂದ. ಅವನು ಮತ್ತೆಂದೂ ನನ್ನನ್ನು ತಂಗಿ ಎನ್ನಲಿಲ್ಲ.

ನಿನ್ನೆ ಹೊಸ ಸೆಲ್ ಹಾಕಿ, ಕಡ್ಡಿ ಎಳೆದು, ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದೆ. ಮಗಳು ಬೆರಗಾಗಿ, “ಯಾರು ಕಲಿಸಿದ್ರವ್ವಾ ನಿನಗ?” ಎಂದಳು.

“ನಾನ ಕಲ್ತೀನಿ,” ಎಂದುಬಿಟ್ಟೆ.