ಏಳನೇ ತೊಟ್ಟಿಯ ಅತ್ತೆ

ನನ್ನ ತಂಗಿ ಹದಿನಾರು ವರ್ಷದಿಂದ ಸಮುದ್ರದ ಬಸವನಹುಳುಗಳ ವಿಷ ಕರೆಯುತ್ತಾಳೆ. ಹೀಗೆಂದರೆ ಜನ ನನ್ನ ಮುಖ ನೋಡುತ್ತಾರೆ. ಹಸುವಿನ ಹಾಲು ಕರೆಯುವುದಿಲ್ಲವೇ, ಇದೂ ಹಾಗೇ ಎನ್ನುತ್ತೇನೆ.

ಊಟದ ಡಬ್ಬಿ ಕೊಡಲು ಹೋದಾಗ ಅವಳ ಪ್ರಯೋಗಾಲಯದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂರುತ್ತೇನೆ. ಗಾಜಿನ ತೊಟ್ಟಿಗಳ ನೀಲಿ ಬೆಳಕು ಗೋಡೆಯ ಮೇಲೆ ತೇಲಾಡುತ್ತಿರುತ್ತದೆ. ಗುಳ್ಳೆಗಳ ಸದ್ದಿಗೆ ಕಣ್ಣೆಳೆದು, ನಾನೂ ನೀರಿನಡಿಯೇ ಇದ್ದೇನೇನೋ ಅನ್ನಿಸುತ್ತದೆ.

ಕೊಳವೆಯ ಬಾಯಿಗೆ ರಬ್ಬರ್ ಬಿಗಿದು, ಮೇಲೆ ಮೀನಿನ ರೆಕ್ಕೆಯ ಚೂರು ಹೊದಿಸಿ ತಂಗಿ ನೀರಿಗಿಳಿಸುತ್ತಾಳೆ. ಮರಳಿನಡಿಯ ಹುಳು ಸೊಂಡಿಲು ಚಾಚಿ, ಮೀನೆಂದುಕೊಂಡು ಬಾಣದಂಥ ಹಲ್ಲಿನಿಂದ ಚುಚ್ಚುತ್ತದೆ. ಕೊಳವೆಯೊಳಗೆ ಒಂದು ಹನಿ. ಮನುಷ್ಯರನ್ನೂ ಕೊಲ್ಲಬಲ್ಲ ಹನಿ ಅದು. ಅದರಲ್ಲಿ ಪೆಪ್ಟೈಡು ಎಂಬ ಪ್ರೋಟೀನಿನ ಪುಟ್ಟ ತುಣುಕುಗಳು ನೂರಾರಿವೆಯಂತೆ. ಅವುಗಳಲ್ಲಿ ಒಂದೆರಡಾದರೂ ಸಾಯುತ್ತಿರುವ ನರಕೋಶಗಳನ್ನು ಕಾಯಬಹುದೇನೋ ಎಂದು ಅಲ್ಲಿನ ಡಾಕ್ಟರಮ್ಮ ಹುಡುಕುತ್ತಿದ್ದಾರೆ.

ಏಳನೇ ತೊಟ್ಟಿಯ ಹುಳುವಿಗೆ ತಂಗಿ ಇಟ್ಟ ಹೆಸರು ಅತ್ತೆ. ಮುನಿಸಿಕೊಂಡರೆ ವಾರಗಟ್ಟಲೆ ಹನಿ ಕೊಡುತ್ತಿರಲಿಲ್ಲ. ಅಂಥ ಅತ್ತೆ ಇದ್ದಕ್ಕಿದ್ದಂತೆ ಧಾರಾಳಿಯಾದಳು. ಆ ತೊಟ್ಟಿಯ ನೀರಿನಲ್ಲಿ ಉಪ್ಪು ಹೆಚ್ಚಿದ್ದುದರ ಗುಣವಿರಬೇಕೆಂದು ಡಾಕ್ಟರಮ್ಮ ಎಲ್ಲ ತೊಟ್ಟಿಗಳಿಗೂ ಅಷ್ಟೇ ಉಪ್ಪು ಹಾಕಿಸಿದರು. ಮಿಕ್ಕ ಹುಳುಗಳೂ ಹನಿ ಹೆಚ್ಚು ಕೊಟ್ಟವು. ಅವರಿಗೆ ಖಾತ್ರಿಯಾಯಿತು.

ನನಗೆ ಬೇರೆಯೇ ಕಂಡಿತು. ಕೊಳವೆಯ ತುದಿಯ ರೆಕ್ಕೆ ಜೀವವಿರುವ ಮೀನಿನಂತೆ ಅದುರುತ್ತಿತ್ತು. ಅದುರುತ್ತಿದ್ದದ್ದು ತಂಗಿಯ ಕೈ. ಎಲ್ಲ ತೊಟ್ಟಿಗಳಿಗೂ ಕೊಳವೆ ಹಿಡಿಯುತ್ತಿದ್ದವಳು ಅವಳೇ.

"ಯಾವಾಗಿಂದ?" ಎಂದೆ.

"ಎರಡು ತಿಂಗಳಾಯ್ತು. ತೋರಿಸ್ಕೊಂಡೆ, ನರದ ಕಾಯಿಲೆ ಅಂದ್ರು. ಬಾಯಿ ಬಿಡಬೇಡ ಅಕ್ಕ. ಗೊತ್ತಾದ್ರೆ ಈ ಕೋಣೆಗೆ ನನ್ನನ್ನ ಸೇರಿಸಲ್ಲ."

"ಸೇರಿಸಿದ್ರೆ ಅತ್ತೆ ಚುಚ್ಚಿ ಸಾಯಿಸ್ತಾಳೆ."

"ಮನೇಲಿದ್ದ ಅತ್ತೆ ಕೈಲೇ ಆಗ್ಲಿಲ್ಲ, ಇವಳೇನು ಮಾಡ್ತಾಳೆ ಬಿಡು."

ನನಗೆ ನಗು ಬರಲಿಲ್ಲ. ಮನೆಗಿಂತ ಈ ಕೋಣೆಯೇ ಅವಳಿಗೆ ಹೆಚ್ಚೆಂದು ನನಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ.

ಮುಂದಿನ ವಾರ ನನ್ನ ಕಣ್ಣೆದುರೇ ಕೊಳವೆ ಜಾರಿತು. ಅತ್ತೆಯ ಬಾಣ ಕೈಗವಸಿನ ತುದಿಯಲ್ಲಿ, ಬೆರಳು ಮುಟ್ಟದ ಖಾಲಿ ಜಾಗದಲ್ಲಿ ನಾಟಿಕೊಂಡಿತು. ತಂಗಿ ಗವಸು ಮೆಲ್ಲಗೆ ಕಳಚಿದಳು. ತಾನೇ ಅದನ್ನು ತೆಗೆದುಕೊಂಡು ಹೋಗಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು.

"ಉಪ್ಪಲ್ಲ ಮೇಡಂ, ನನ್ನ ಕೈ," ಎಂದಳು.

ಡಾಕ್ಟರಮ್ಮ ಆ ಕೈ ಹಿಡಿದುಕೊಂಡರು. "ನೀರಿನ ಹತ್ತಿರ ಇನ್ನು ಬೇಡಮ್ಮ," ಎಂದರು.

"ಈ ವಿಷ ನಂಗೇ ಮದ್ದಾಗತ್ತಾ?"

"ಗಾಜಿನ ತಟ್ಟೇಲಿಟ್ಟ ನರಕೋಶಗಳು ಸ್ವಲ್ಪ ಹೆಚ್ಚು ದಿನ ಉಳೀತಿವೆ, ಅಷ್ಟೇ. ಮನುಷ್ಯರಿಗೆ ಇನ್ನೂ ಎಷ್ಟು ವರ್ಷವೋ. ಆಗದೆಯೂ ಇರಬಹುದು."

"ಅತ್ತೆಗೂ ಅವಸರ ಇಲ್ಲ ಬಿಡಿ."

ಆ ತಿಂಗಳೆಲ್ಲ ತಂಗಿ ಹೊರಗಿನ ಕೋಣೆಯಲ್ಲಿ ಬಾಟಲಿ ತೊಳೆದಳು. ಒಳಗೆ ಗಟ್ಟಿ ಕೈಯವರು ಕೊಳವೆ ಹಿಡಿದರು. ಅತ್ತೆ ಮರಳಿನಿಂದ ಏಳಲೇ ಇಲ್ಲ.

ಈಗ ಡಾಕ್ಟರಮ್ಮ ಕೊಳವೆಯನ್ನು ಮಾರುದ್ದದ ತೆಳು ಕೋಲಿಗೆ ಕಟ್ಟಿಸಿದ್ದಾರೆ. ತಂಗಿ ನನ್ನ ಸ್ಟೂಲಿನ ಮೇಲೆ ಕೂತು ಕೋಲಿನ ಈ ತುದಿ ಹಿಡಿಯುತ್ತಾಳೆ. ಬೆರಳು ನೀರಿನ ಹತ್ತಿರ ಹೋಗುವುದಿಲ್ಲ, ನಡುಕ ಮಾತ್ರ ಹೋಗುತ್ತದೆ. ನೀಲಿ ಬೆಳಕಿನಲ್ಲಿ ರೆಕ್ಕೆ ಅದುರುತ್ತದೆ. ಮರಳು ಸರಿಸಿಕೊಂಡು, ಏನೂ ಅವಸರವಿಲ್ಲದೆ, ಅತ್ತೆ ಮೇಲೆ ಬರುತ್ತಾಳೆ.