ಮುಳುಗಿದ ಪೇಟೆಯ ಒಡತಿ

ಮೊನ್ನೆ ತವರಿನಿಂದ ಅಣ್ಣ ಒಂದು ಚೀಲ ನಿಂಬೆಹಣ್ಣು ಕಳಿಸಿದ್ದ. ನಮ್ಮದು ಇಂಡಿ ಕಡೆಯ ಊರು, ಮನೆಯ ಹಿಂದೆಯೇ ನಿಂಬೆ ತೋಟ. ಉಪ್ಪಿನಕಾಯಿ ಹಾಕೋಣವೆಂದು ಕೂತು ಮೊದಲ ಹಣ್ಣು ಹೋಳು ಮಾಡಿದ್ದೇ ತಡ, ಆ ವಾಸನೆಗೆ ಅಕ್ಕೋರು ನೆನಪಾದರು. ಅವರ ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಎರಡೂ ಜೊತೆಯಾಗಿಯೇ ಬರುತ್ತವೆ...

ಆಗ ನಾನು ಬಸವನ ಬಾಗೇವಾಡಿಯಲ್ಲಿ ಶಿಕ್ಷಕರ ತರಬೇತಿಗೆ ಓದುತ್ತಿದ್ದೆ. ಸಿಂದಗಿಯ ಗೆಳತಿಯೊಬ್ಬಳು ಮತ್ತು ನಾನು ಒಂದು ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆವು. ಮಹಡಿಯ ಮೇಲೆ ಅಕ್ಕೋರು ಒಬ್ಬರೇ ಇದ್ದರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನೆಲ್ಲ ಹಾಗೆಯೇ ಕರೆಯುವುದು. ಇವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಹಳೆ ಕೊಲ್ಹಾರದವರು. ಅವರು ಹುಟ್ಟಿದ ಮನೆ, ಆಡಿದ ಓಣಿ ಎಲ್ಲ ಅಣೆಕಟ್ಟಿನ ಹಿನ್ನೀರಿನ ಅಡಿ ಹೋಗಿದ್ದವು. ಮದುವೆ ಆಗಿರಲಿಲ್ಲ. ಯಾಕೆಂದು ಎದುರಿಗೆ ಯಾರೂ ಕೇಳುತ್ತಿರಲಿಲ್ಲ, ಹಿಂದೆ ಎಲ್ಲರೂ ಕೇಳುತ್ತಿದ್ದರು.

ಧಾರವಾಡದ ಹಾಸ್ಟೆಲಿನಲ್ಲಿ ಓದುವಾಗ ಅವರು ಒಂದು ಆಟ ಕಲಿತು ಬಂದಿದ್ದರು. ಪಟ ಇಲ್ಲ, ಕಾಯಿ ಇಲ್ಲ. ಒಬ್ಬರು ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಿ ಮಾತಾಡಬೇಕು. ಏಟು ಬಿತ್ತೋ ತಪ್ಪಿತೋ ಎಂದು ತೀರ್ಮಾನ ಆಗದಿದ್ದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಭಾನುವಾರ ಉಂಡ ಮೇಲೆ ಮಹಡಿಗೆ ಹತ್ತಿದರೆ ಬಿಸಿಲು ಇಳಿಯುವತನಕ ಅದೇ. ಕಥೆ ಹೇಳುವವರು ಅಕ್ಕೋರು. ಆಡುವವರು ಮೂವರು: ನಾನು ಬಿಲ್ಲುಗಾರ್ತಿ, ಸಿಂದಗಿಯವಳು ಗಿಡಮೂಲಿಕೆಯ ವೈದ್ಯೆ, ಮನೆ ಮಾಲಕರ ಮಗ ಸರದಾರ. ಅವನೂ ನಮ್ಮ ವಾರಿಗೆಯವನೇ, ಡಿಗ್ರಿ ಓದುತ್ತಿದ್ದ.

ಅಕ್ಕೋರ ಕಥೆಯಲ್ಲಿ ನೀರಿನ ಅಡಿಗೆ ಒಂದು ಪೇಟೆ ಇತ್ತು. ಮುಳುಗಿದ್ದರೂ ಅಲ್ಲಿ ಇನ್ನೂ ಸಂತೆ ಕೂಡುತ್ತಿತ್ತು. ಆ ಪೇಟೆಯ ಒಡತಿ ಕೇಳಿದ್ದನ್ನೆಲ್ಲ ಕೊಡುತ್ತಿದ್ದಳು, ಆದರೆ ಕರಾರು ಮಾಡಿಕೊಳ್ಳಬೇಕು. ಕರಾರಿಗೆ ಒಂದು ಪದ್ಧತಿ ಮಾಡಿದ್ದರು. ನಾನು ಊರಿಂದ ತಂದ ನಿಂಬೆಹಣ್ಣಿಗೆ ಕುಂಕುಮ ಹಚ್ಚಿ, ಅಂಗೈಯಲ್ಲಿ ಹಿಡಿದು, ಏನು ಬೇಕು, ಏನು ಕೊಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಕರಾರು ತೀರುವತನಕ ಆ ಹಣ್ಣು ಕಿಟಕಿಯಲ್ಲಿ ಇರಬೇಕು. ವಿಜ್ಞಾನದ ಅಕ್ಕೋರಿಗೆ ಅದು ಬರೀ ನಾಟಕದ ಸಾಮಾನು, ನಮಗೂ ಅಷ್ಟೇ. ಕುಂಕುಮ ಹಚ್ಚಿದ ನಿಂಬೆಹಣ್ಣು ಓಣಿಯಲ್ಲಿ ನಿಂತು ನೋಡುವವರಿಗೆ ಹೇಗೆ ಕಾಣುತ್ತದೆ ಎಂದು ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಹೊಳೆಯಬೇಕಿತ್ತು.

ಗೆಲ್ಲುವುದು ಸೋಲುವುದು ಅಕ್ಕೋರಿಗೆ ಮುಖ್ಯ ಆಗಿರಲಿಲ್ಲ. ಯಾರು ಏನನ್ನು ಕೊಡಲು ತಯಾರಾಗುತ್ತಾರೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾನೊಮ್ಮೆ ಗುರಿ ತಪ್ಪದ ಬಾಣ ಬೇಡಿ ನನ್ನ ದನಿಯನ್ನೇ ಕೊಟ್ಟುಬಿಟ್ಟೆ. ಆಮೇಲೆ ಎಷ್ಟೋ ಭಾನುವಾರ ಬರೀ ಕೈಸನ್ನೆಯಲ್ಲಿ ಆಡಬೇಕಾಯಿತು. ‘ಇಂಡಿ ಹುಡುಗಿ ಬಾಯಿ ಮುಚ್ಚಿದ್ದು ಒಡತಿ ಪುಣ್ಯಾ’ ಎಂದು ಗೆಳತಿ ಹೊಟ್ಟೆ ಹಿಡಿದು ನಕ್ಕಿದ್ದಳು.

ಮಾಲಕರ ಮಗನಿಗೆ ಮಾತ್ರ ಸೋಲೆಂದರೆ ಆಗದು. ಒಂದು ಭಾನುವಾರ ಅವನ ಸರದಾರ ಕೋಟೆ ಗೆಲ್ಲಲು ಒಡತಿಯ ಹತ್ತಿರ ಹೋದ. ಏನು ಕೊಡುತ್ತೀ ಎಂದರೆ, ‘ನಮ್ಮವ್ವನ್ನ ಕೊಡ್ತೇನಿ’ ಎಂದ. ಸರದಾರನ ತಾಯಿ ಎಂದು ಅರ್ಥ. ಅಕ್ಕೋರು ದಾಳ ಕೆಳಗಿಟ್ಟರು.

‘ಅಕಿನ್ನ ಕೇಳೀ ಏನು? ನಿಂದಲ್ಲದ್ದನ್ನ ಕೊಡಾಕ ನಿನಗೇನು ಹಕ್ಕೈತಿ?’

‘ಆಟ ಅಲ್ರೀ ಅಕ್ಕೋರ, ಯಾರ್ದಾದ್ರೂ ಏನಾತು?’ ಎಂದು ಅವನು ನಿಂಬೆಹಣ್ಣು ಹಿಡಿದೇಬಿಟ್ಟ. ಕೋಟೆ ಗೆದ್ದ. ಹಣ್ಣು ಕಿಟಕಿಗೆ ಹೋಯಿತು.

ಕೆಲವೇ ದಿನಕ್ಕೆ ಅವನ ನಿಜವಾದ ತಾಯಿಗೆ ಕಾಮಾಲೆ ಆಯಿತು. ಕಣ್ಣು, ಉಗುರು ಎಲ್ಲ ಹಳದಿ. ನೋಡಲು ಬಂದ ನೆಂಟರಲ್ಲಿ ಯಾರೋ ಅಂಗಳದಲ್ಲಿ ನಿಂತು ತಲೆ ಎತ್ತಿದವರು ಮೇಲಿನ ಕಿಟಕಿ ನೋಡಿದರು. ಅಲ್ಲಿಗೆ ಮುಗಿಯಿತು. ಮಹಡಿಗೆ ಹತ್ತಿ ಹಣ್ಣು ತಂದು ಅಂಗಳದಲ್ಲಿ ಇಟ್ಟರು. ಓಣಿಯೇ ನೆರೆಯಿತು. ಇದು ಯಾರದ್ದು, ಯಾಕೆ ಮಾಡಿದ್ದು ಎಂದು ಮಾಲಕರು ಗುಡುಗಿದರು.

ಹಣ್ಣು ಅವನದು. ಅದರ ಮೇಲೆ ಅವ್ವನ ಮಾತು ಆಡಿದವನು ಅವನು. ಅಪ್ಪನ ಮುಂದೆ ಅಷ್ಟು ಹೇಳಿದ್ದರೆ ನಾಲ್ಕು ಏಟು ಬೀಳುತ್ತಿದ್ದವು, ಅಷ್ಟೇ. ಅವನು ಹೇಳಿದ್ದು ಬೇರೆ.

‘ಅಕ್ಕೋರು ನಮ್ಮವ್ವನ ಹೆಸರು ತಗೊಂಡು ಮಂತ್ರಿಸ್ಯಾರ. ನಾ ಬ್ಯಾಡ ಅಂದೆ.’

ನಾನೂ ಗೆಳತಿಯೂ ಗಂಟಲು ಹರಿದುಕೊಂಡೆವು. ಆಟ ಎಂದೆವು, ದಾಳ ತೋರಿಸಿದೆವು. ಅಷ್ಟು ಮುಖದ ದಾಳ ನೋಡಿ ಜನ ಇನ್ನೂ ಹೆದರಿದರು. ಅಕ್ಕೋರು ಯಾರ ಜೊತೆಗೂ ವಾದಿಸಲಿಲ್ಲ. ಅವನನ್ನೇ ನೋಡುತ್ತಾ, ‘ಖರೇ ಏನೈತಿ ನೀನ ಹೇಳಪಾ’ ಎಂದರು. ಅವನು ತಲೆ ಬಗ್ಗಿಸಿ ನಿಂತ. ಎತ್ತಲೇ ಇಲ್ಲ.

ಆ ಸಂಜೆಯೇ ಮನೆ ಬಿಡಬೇಕೆಂದರು. ಸುದ್ದಿ ಶಾಲೆಗೂ ಹೋಯಿತು. ಮಾಟದ ಅಕ್ಕೋರ ಕೈಯಲ್ಲಿ ನಮ್ಮ ಮಕ್ಕಳು ಓದುವುದು ಬೇಡ ಎಂದು ನಾಲ್ಕು ಮನೆಯವರು ಹೋಗಿ ಕೂತರು, ಆಡಳಿತದವರಿಗೆ ಅಷ್ಟು ಸಾಕಾಯಿತು, ಕೆಲಸದಿಂದ ತೆಗೆದರು. ಒಂದು ಟಂಟಂ ಗಾಡಿಯಲ್ಲಿ ಅವರ ಸಂಸಾರವೆಲ್ಲ ಹಿಡಿಯಿತು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು, ಸಂದಿಯಿಂದ ಮಾತ್ರ ಕಣ್ಣುಗಳು. ನಾನು ಅಳುತ್ತಿದ್ದೆ, ಅವರು ಅಳಲಿಲ್ಲ. ಮಾಲಕರ ಹೆಂಡತಿ ಸರಕಾರಿ ದವಾಖಾನೆಯ ಔಷಧಿಗೆ ಗುಣವಾದರು. ಮಾಟ ಮಾಡಿದವಳನ್ನು ಓಡಿಸಿದ್ದಕ್ಕೇ ಗುಣವಾದರು ಎಂದು ಓಣಿ ನಂಬಿತು.

ಅಂದಿನಿಂದ ಅವನ ಹಾಳು ಕಾಯುತ್ತಾ ಬದುಕಿದವಳು ನಾನು. ಇದನ್ನು ಹೇಳಲು ನನಗೆ ನಾಚಿಕೆ ಇಲ್ಲ. ಅವನ ಮದುವೆ ಮುರಿಯಲಿ ಎಂದುಕೊಂಡೆ, ಧಾಂ ಧೂಂ ಆಯಿತು. ವ್ಯಾಪಾರ ಮುಳುಗಲಿ ಎಂದುಕೊಂಡೆ, ಮುದ್ದೇಬಿಹಾಳದಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿ ಮೇಲೆ ಬಂದ. ಅವನು ಏಳಿಗೆ ಆದಷ್ಟೂ ನನ್ನ ಹೊಟ್ಟೆ ಉರಿಯಿತು. ಅಕ್ಕೋರು ಹೊಸ ಕೊಲ್ಹಾರದಲ್ಲಿ ಒಂದು ಖೋಲಿ ಹಿಡಿದು ಮಕ್ಕಳಿಗೆ ಪಾಠ ಹೇಳಿಕೊಂಡಿದ್ದರು. ರಜೆಗೆ ಹೋದಾಗಲೆಲ್ಲ ನಾನು ಅವನ ಸುದ್ದಿ ತೆಗೆದರೆ ಅವರು ರೊಟ್ಟಿಯ ಸುದ್ದಿ ತೆಗೆಯುತ್ತಿದ್ದರು. ಮತ್ತೆಂದೂ ಆ ಆಟ ಆಡಲಿಲ್ಲ. ನನಗೆ ಒಮ್ಮೊಮ್ಮೆ ಅವರ ಮೇಲೂ ಸಿಟ್ಟು ಬರುತ್ತಿತ್ತು.

ಹೋದ ವರ್ಷ ಅವರು ಹಾಸಿಗೆ ಹಿಡಿದರು. ಮಗ್ಗುಲಲ್ಲಿ ಕೂತು ಗಂಜಿ ಕುಡಿಸುತ್ತಿದ್ದೆ. ಚಮಚ ಸರಿಸಿ ಒಂದು ಮಾತು ಹೇಳಿದರು.

‘ಅವ ಎಂದರ ಬಂದು ಕೇಳಿದ್ರ, ಅಕ್ಕೋರ ಮನಸ್ಸಿನ್ಯಾಗ ಏನೂ ಇಲ್ಲ ಅಂತ ಹೇಳು. ಸಣ್ಣಾವಿದ್ದ, ಅಂಜಿದ್ದ. ಮರೀಬ್ಯಾಡ.’

‘ಆತ್ರಿ ಅಕ್ಕೋರ’ ಎಂದೆ. ಬೇರೆ ಏನು ಅನ್ನಲಿ... ಆ ವಾರವೇ ಹೋಗಿಬಿಟ್ಟರು.

ಉಪ್ಪಿನಕಾಯಿ ಭರಣಿಗೆ ತುಂಬಿದ ಮರುದಿನ ಅವನು ಬಂದ. ನಾನೀಗ ಇರುವುದು ಗೆಳತಿಯ ಊರಾದ ಸಿಂದಗಿಯಲ್ಲಿ. ಅವಳನ್ನು ಕೇಳಿ ವಿಳಾಸ ಹಿಡಿದಿದ್ದ. ತಲೆ ನೆರೆತಿತ್ತು, ಮೈ ಬಂದಿತ್ತು. ಕುರ್ಚಿಯ ತುದಿಗೆ ಕೂತು ಚಹಾ ಮುಟ್ಟದೆ ಮಾತಾಡಿದ.

‘ನನ್ನ ಮಗಳು ಗೆಳತ್ಯಾರ ಜೋಡಿ ಅದ ಆಟ ಆಡಾಕತ್ತಾಳ್ರಿ. ಮೊನ್ನೆ ನನ್ನೂ ಕುಂಡ್ರಿಸಿದ್ಳು. ಏನು ಕೊಡ್ತಿ ಅಪ್ಪಾ ಅಂತ ಕೇಳಿದ್ಳು, ಎದ್ದು ಬಂದ್ನಿ. ಅಕ್ಕೋರ ಎಲ್ಲಿ ಅದಾರ್ರಿ? ಒಮ್ಮೆ ಅವರ ಕಾಲು ಹಿಡೀಬೇಕು.’

‘ಹೋದ ವರ್ಷ ತೀರಿಕೊಂಡ್ರು.’

ಅವನ ಮುಖದ ಬಣ್ಣ ಇಳಿಯಿತು. ಚಹಾದ ಕಪ್ಪು ಪಕ್ಕಕ್ಕೆ ಸರಿಸಿ ಕೇಳಿದ: ‘ನನ್ನ ಬಗ್ಗೆ ಏನರ ಅಂದಿದ್ರೇನ್ರಿ?’

ಅಷ್ಟು ವರ್ಷ ಕಾಯ್ದದ್ದು ಆಗ ನನ್ನ ಕೈಗೆ ತಾನಾಗಿಯೇ ಬಂದಿತ್ತು. ಒಂದೇ ಮಾತು ಸಾಕಿತ್ತು, ಅವನು ಹಗುರಾಗಿ ಮನೆಗೆ ಹೋಗುತ್ತಿದ್ದ.

‘ಇಲ್ಲ. ನಿಮ್ಮ ಹೆಸರ ತಗೀಲಿಲ್ಲ’ ಎಂದೆ.

ಗೇಟಿನವರೆಗೆ ಹೋದವನು ತಿರುಗಿ ನಿಂತ. ‘ಕಡೀಕೂ ಏನೂ ಅನಲಿಲ್ಲೇನ್ರಿ?’

‘ಕಡೀಕೂ ಏನೂ ಅನಲಿಲ್ಲ.’

ಅಕ್ಕೋರಿಗೆ ಇದು ಗೊತ್ತಾಗಿದ್ದರೆ ನನ್ನ ಮೇಲೆ ಮುನಿಯುತ್ತಿದ್ದರು. ಮುನಿಯಲು ಅವರಿಲ್ಲ, ನನ್ನ ಸಂಕಟವೂ ಅದೇ. ಕೊಲ್ಹಾರದ ಆ ಖೋಲಿಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಅಕ್ಕೋರನ್ನು ನೆನೆದು ಅಳುವವಳು ಲೋಕದಲ್ಲಿ ಬಹುಶಃ ನಾನೊಬ್ಬಳೇ... ಅವನು ದೀಪಾವಳಿ ಆದ ಮೇಲೆ ಇನ್ನೊಮ್ಮೆ ಬರುತ್ತೇನೆ, ಏನಾದರೂ ನೆನಪಾದರೆ ಹೇಳ್ರಿ ಎಂದು ಕೈಮುಗಿದು ಹೋಗಿದ್ದಾನೆ. ಬರಲಿ. ಚಹಾ ಕೊಡುತ್ತೇನೆ. ಆ ಮಾತು ಮಾತ್ರ ಕೊಡುವುದಿಲ್ಲ.