ಶ್ರದ್ಧಾಂಜಲಿಯಂಥ ಮುಖಪುಟ

ಹೊಸ ಫ್ಲೆಕ್ಸ್ ಬಿಚ್ಚುವಾಗ ಒಂದು ವಾಸನೆ ಬರುತ್ತದೆ. ಸೀಮೆಎಣ್ಣೆಯೂ ಅಲ್ಲ, ಪೇಂಟೂ ಅಲ್ಲ, ಎರಡರ ನಡುವಿನದು. ಹೋದ ತಿಂಗಳು ಹಾನಗಲ್ ಬಸ್ ಸ್ಟ್ಯಾಂಡಿನಲ್ಲಿ ತಿಳವಳ್ಳಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಯಾರದೋ ಹುಟ್ಟುಹಬ್ಬದ ಬ್ಯಾನರನ್ನು ಇಬ್ಬರು ಕಂಬಕ್ಕೆ ಕಟ್ಟುತ್ತಿದ್ದರು. ಗಾಳಿ ತಿರುಗಿ ಆ ವಾಸನೆ ನನ್ನ ತನಕ ಬಂತು, ಅದರ ಬೆನ್ನಿಗೇ ಅಕ್ಕ ನೆನಪಾದಳು… ದಪ್ಪ ಕನ್ನಡಕ, ಕೊರಳಲ್ಲಿ ಹೆಡ್‌ಫೋನು, ಪಕ್ಕದಲ್ಲಿ ಕುಡಿಯಲು ಮರೆತು ಆರಿಹೋದ ಚಹಾ. ಬಸ್ಸು ಬಂದದ್ದು ಕಂಡರೂ ಹತ್ತಲಾಗಲಿಲ್ಲ. ಮುಂದಿನದಕ್ಕೆ ಹೋದರಾಯಿತು ಎಂದು ಕಟ್ಟೆಯ ಮೇಲೆ ಕೂತುಬಿಟ್ಟೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ ಇಟ್ಟಿದ್ದಳು. ನಮ್ಮ ವಯಸ್ಸಿನವರಿಗೆಲ್ಲ ಅಕ್ಕನೇ. ತಾಲೂಕಿನ ಲಗ್ನ, ಗೃಹಪ್ರವೇಶ, ಹುಟ್ಟುಹಬ್ಬ, ಸಾವು ಎಲ್ಲವೂ ಅವಳ ಕಂಪ್ಯೂಟರನ್ನು ದಾಟಿಯೇ ಹೋಗಬೇಕಿತ್ತು. ಬೆಳಿಗ್ಗೆ ಮದುಮಗನೊಬ್ಬನ ತಲೆಗೆ ಪೇಟ ಸುತ್ತಿದವಳು ಮಧ್ಯಾಹ್ನ ತೀರಿಹೋದ ಹಿರಿಯರೊಬ್ಬರ ಆಧಾರ್ ಫೋಟೋಕ್ಕೆ ಕೋಟು ತೊಡಿಸುತ್ತ ಕೂತಿರುತ್ತಿದ್ದಳು. ಅವಳಿಗೆ ಮಾತ್ರ ಲಗ್ನವಾಗಿರಲಿಲ್ಲ, ಅವ್ವನ ಜೊತೆ ಇದ್ದಳು. ಯಾಕೆ ಎಂದು ಕೆದಕಿದವರಿಗೆ, ಊರವರ ಲಗ್ನಪತ್ರಿಕೆಯೆಲ್ಲ ನಾನು ಮಾಡುತ್ತೇನೆ, ನನ್ನದು ಮಾಡುವವರು ಸಿಗವಲ್ಲರು ಎಂದು ನಕ್ಕು ಬಾಯಿ ಮುಚ್ಚಿಸುತ್ತಿದ್ದಳು.

ನಾವಾಗ ಪಿಯುಸಿ ಎರಡನೇ ವರ್ಷ. ರಾಕ್ ಸಂಗೀತದ ಹುಚ್ಚು ಹತ್ತಿದ ನಾಲ್ಕೈದು ಮಂದಿ, ಹುಡುಗಿ ನಾನೊಬ್ಬಳೇ. ಮನೆಯಲ್ಲಿ ಹಾಕಿದರೆ ಡಬ್ಬಿ ಬಡಿದ ಹಾಗೆ ಎಂದು ಬೈಗುಳ, ಅದಕ್ಕೇ ಇಯರ್‌ಫೋನು ಸಿಕ್ಕಿಸಿಕೊಂಡೇ ಕೇಳುತ್ತಿದ್ದೆವು. ನಮ್ಮಂಥವರು ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲೂ ಇದ್ದರು, ಅವರೂ ಹೀಗೆಯೇ ಮೂಲೆ ಹಿಡಿದು ಕೇಳುತ್ತಿದ್ದರು. ಇವರಿಗೆಲ್ಲ ಒಂದು ಪತ್ರಿಕೆ ಬೇಕು, ಕನ್ನಡದಲ್ಲೇ ಬೇಕು ಎಂದು ನಮಗೆ ಅನ್ನಿಸಿತು. ‘ಗದ್ದಲ’ ಎಂದು ಹೆಸರಿಟ್ಟೆವು. ನಮ್ಮ ಪೈಕಿ ನಿಜವಾಗಿ ವಾದ್ಯ ಇದ್ದವನು ತಿಳವಳ್ಳಿಯ ಹುಡುಗ ಒಬ್ಬನೇ. ಹುಬ್ಬಳ್ಳಿಯಿಂದ ತಂದ ಹಳೆಯ ಡ್ರಮ್ ಸೆಟ್ಟನ್ನು ಗೋವಿನಜೋಳದ ಚೀಲಗಳ ನಡುವೆ ಇಟ್ಟುಕೊಂಡು ಬಾರಿಸುತ್ತಿದ್ದ. ತಂದೆ ತಾಯಿ ಇಬ್ಬರೂ ಇರಲಿಲ್ಲ. ಅವನನ್ನು ಸಾಕಿದವಳು ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದೆವು.

ಪತ್ರಿಕೆಯ ವಿನ್ಯಾಸಕ್ಕೆ ಅಕ್ಕನ ಬಳಿ ಹೋದೆವು. ಅವಳು ಮಾಡಿ ತೋರಿಸಿದ ಮೊದಲ ಪುಟ ನೆನೆದರೆ ಈಗಲೂ ನಗು ಬರುತ್ತದೆ. ನೆತ್ತಿಯ ಮೇಲೆ ಗಣಪತಿ, ನಾಲ್ಕೂ ಮೂಲೆಗೆ ಗುಲಾಬಿ, ಗಿಟಾರಿಗೆ ಬಂಗಾರದ ಅಂಚು, ಕೆಳಗೆ ‘ಶುಭ ಕೋರುವವರು’ ಎಂದು ನಮ್ಮೆಲ್ಲರ ಮುಖಗಳ ಸಾಲು. ನಾವು ಬಿದ್ದು ಬಿದ್ದು ನಕ್ಕೆವು. ಅಕ್ಕ ಸಿಟ್ಟಾಗಲಿಲ್ಲ. ಆ ಹಾಡು ಕೇಳಿಸಿರಿ ನೋಡೋಣ ಎಂದು ನನ್ನ ಮೊಬೈಲು ಇಸಕೊಂಡು, ಗಿರಾಕಿಗಳನ್ನು ಹೊರಗೆ ಕೂರಿಸಿ, ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಗುಲಾಬಿಗಳನ್ನು ಒಂದೊಂದಾಗಿ ಅಳಿಸಿದಳು.

ಅವಳ ಕಂಪ್ಯೂಟರಿನಲ್ಲಿದ್ದ ಕನ್ನಡ ಅಕ್ಷರಗಳೆಲ್ಲ ಲಗ್ನಪತ್ರಿಕೆಗೆಂದೇ ಹುಟ್ಟಿದಂಥವು, ಬಳ್ಳಿ ಹಬ್ಬಿದಂಥವು. ಸಿಟ್ಟಿನ ಅಕ್ಷರ ಒಂದೂ ಇರಲಿಲ್ಲ. ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು, ಮಸಿಯಲ್ಲಿ ಅದ್ದಿ, ರದ್ದಿ ಹಾಳೆಯ ಮೇಲೆ ‘ಗದ್ದಲ’ ಎಂದು ಬರೆದಳು. ಬರೆದು, ಸ್ಕ್ಯಾನ್ ಮಾಡಿ, ಮತ್ತೆ ಬರೆದು… ಆ ದಿನಗಳಲ್ಲಿ ಅವಳ ಮುಖವೇ ಬೇರೆ ಆಗಿತ್ತು. ಇಷ್ಟು ವರ್ಷ ಖಾಲಿ ಜಾಗ ಕಂಡಲ್ಲೆಲ್ಲ ಹೂವು ತುಂಬಿದೆ, ಖಾಲಿ ಬಿಟ್ಟರೆ ಚಂದ ಕಾಣುತ್ತದೆಂದು ಯಾರೂ ಹೇಳಲಿಲ್ಲ ನೋಡು ಎಂದು ಒಮ್ಮೆ ನನಗೆ ಹೇಳಿದಳು.

ಮುಖಪುಟಕ್ಕೆ ತಿಳವಳ್ಳಿಯ ಹುಡುಗನ ಫೋಟೋ. ಪೂರ್ತಿ ಕಪ್ಪು ಹಿನ್ನೆಲೆ, ಕಪ್ಪು-ಬಿಳುಪು ಮುಖ, ಮುಚ್ಚಿದ ಕಣ್ಣು, ಸುತ್ತ ಹೊಗೆ. ಕೆಳಗೆ ಬಿಳಿ ಅಕ್ಷರದಲ್ಲಿ ಅವನ ಹೆಸರು, ತಿಂಗಳು, ವರ್ಷ. ಮುಗಿಸಿದ ಮೇಲೆ ಅಕ್ಕ ತಲೆ ಓರೆ ಮಾಡಿ ನೋಡಿ, ನಮ್ಮ ಕಡೆ ಇದನ್ನು ಶ್ರದ್ಧಾಂಜಲಿ ಎನ್ನುತ್ತಾರೆ ಹುಡುಗರಾ ಎಂದಳು. ರಾಕ್ ಪತ್ರಿಕೆಗಳೆಲ್ಲ ಹೀಗೇ ಇರುತ್ತವೆ ಎಂದೆವು. ಹುಡುಗನೇ ಎಲ್ಲರಿಗಿಂತ ಜೋರಾಗಿ ಹೇಳಿದ. ಅಕ್ಕನಿಗೂ ಅದರ ಮೇಲೆ ಮೋಹ ಹುಟ್ಟಿತ್ತು. ಜಾಹೀರಾತಿಗಿರಲಿ ಎಂದು ಅದನ್ನೇ ಆಳೆತ್ತರದ ಫ್ಲೆಕ್ಸ್ ಮಾಡಿ ಅಂಗಡಿಯ ಮುಂದೆ ತೂಗುಹಾಕಿದಳು.

ತಿಳವಳ್ಳಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಅದನ್ನು ನೋಡಿದರು. ಚಲಿಸುವ ಬಸ್ಸಿನಿಂದ ಯಾರು ತಾನೇ ‘ಗದ್ದಲ’ ಎಂದು ಓದುತ್ತಾರೆ? ಕರಿಯ ಬ್ಯಾನರು, ಕಣ್ಣು ಮುಚ್ಚಿದ ಹುಡುಗ, ಹೆಸರು, ಕೆಳಗೆ ತಾರೀಖಿನಂಥದ್ದೇನೋ. ಬಸ್ಸು ಮುಟ್ಟುವ ಮುಂಚೆಯೇ ಫೋನು ಮುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಒಂದು ಟೆಂಪೋ ತುಂಬ ಜನ ಅಳುತ್ತ ಹಾನಗಲ್ಲಿಗೆ ಬಂದಿಳಿದರು. ಹುಡುಗ ಅಂಗಡಿಯ ಮುಂದೆಯೇ ನಿಂತು ಗಿರಮಿಟ್ಟು ತಿನ್ನುತ್ತಿದ್ದ. ಆಯಿ ಅವನ ಮುಖ ಮುಟ್ಟಿ ಮುಟ್ಟಿ ನೋಡಿ, ಅಲ್ಲೇ ರಸ್ತೆಯ ಮೇಲೆ ಕುಸಿದಳು.

ನಾವು ಮೊದಲು ನಕ್ಕದ್ದು ನಿಜ. ಆಮೇಲೆ ಗೊತ್ತಾಯಿತು: ಹುಡುಗನ ಅಪ್ಪ ತೀರಿದಾಗ ಅವನ ಶ್ರದ್ಧಾಂಜಲಿ ಬ್ಯಾನರನ್ನೂ ಅಕ್ಕನೇ ಮಾಡಿದ್ದಳು. ಅದು ಇದೇ ಅಂಗಡಿಯ ಮುಂದೆ ಒಂದು ದಿನ ತೂಗಿ, ಆಮೇಲೆ ಊರಿಗೆ ಹೋಗಿತ್ತು. ಜೀವಂತ ಇದ್ದವನನ್ನು ಕರಿ-ಬಿಳಿ ಮಾಡಿದ್ದು ಅಪಶಕುನ ಎಂದು ಊರೆಲ್ಲ ಮಾತಾಡಿತು. ಆಯಿ ಡ್ರಮ್ಮಿನ ಕೋಣೆಗೆ ಬೀಗ ಜಡಿದಳು. ಇನ್ನು ಅದನ್ನು ಮುಟ್ಟಿದರೆ ನನ್ನ ಆಣೆ ಎಂದಳಂತೆ. ಹುಡುಗ ಕಾಲೇಜಿಗೆ ಬಂದರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಬೆಂಚಿನ ಮೇಲೆ ಬೆರಳಾಡಿಸುವುದನ್ನೂ ಬಿಟ್ಟಿದ್ದ. ಅವನಿಗೆ ಆ ಡ್ರಮ್ಮು ಬಿಟ್ಟರೆ ಬೇರೆ ಏನಿತ್ತು? ನನಗೆ ಆಯಿಯ ಮೇಲೆ, ಊರಿನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಅಕ್ಕ ಒಂದು ವಾರ ಅಂಗಡಿ ತೆರೆಯಲಿಲ್ಲ. ಹುಬ್ಬಳ್ಳಿಗೆ ಹೋಗಿದ್ದಾಳೆ ಎಂದರು. ಬಂದವಳೇ ನನ್ನನ್ನು ಕರೆದುಕೊಂಡು ತಿಳವಳ್ಳಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬ್ಯಾಗನ್ನು ಎದೆಗೆ ಒತ್ತಿಕೊಂಡು ಭತ್ತದ ಗದ್ದೆಗಳನ್ನು ನೋಡುತ್ತ ಕೂತಿದ್ದಳು.

ಆಯಿ ನಮ್ಮನ್ನು ಒಳಗೆ ಕರೆದಳು, ಚಹಾ ಇಟ್ಟಳು, ಆದರೆ ಮುಖ ಕೊಡಲಿಲ್ಲ. ಅಕ್ಕ ಕ್ಷಮೆ ಕೇಳಿದಳು. ಬ್ಯಾನರು ಇಳಿಸಿದ್ದೇನೆ, ಮುಖಪುಟ ಒಂದೂ ಹೊರಗೆ ಹೋಗಿಲ್ಲ ಎಂದಳು. ಆಗ ಆಯಿ ಹೇಳಿದಳು:

“ನನ್ನ ಮಗನ್ನ ಹಿಂಗ ಕರಿ-ಬಿಳಿ ಮಾಡಿ ಅದ ಅಂಗಡಿ ಮುಂದ ತೂಗ ಹಾಕಿದ್ರಿ. ಈಗ ಮೊಮ್ಮಗನ್ನ ಹಾಕೀರಿ. ನೀವು ಇಳಿಸಿದ್ರ ಏನಾತು? ಆ ಜಾಗಾ ಖಾಲಿ ಇರೂದಿಲ್ಲವ್ವ, ಯಾರನ್ನರ ಕೇಳತೈತಿ.”

“ಹಂಗಾರ ಅಲ್ಲಿ ನಾನ ಕುಂಡರ್ತೇನಿ ಬಿಡ್ರಿ ಆಯೀ,” ಎಂದಳು ಅಕ್ಕ. “ನನ್ನ ಫೋಟೋ ಹಾಕ್ತೇನಿ. ಹುಡುಗನ ಕೈ ಮಾತ್ರ ಕಟ್ಟಬ್ಯಾಡ್ರಿ, ಅಂವ ಬಾರ್ಸಲಿ.”

ನಾನು ಬೆಚ್ಚಿ ಅಕ್ಕನ ಮುಖ ನೋಡಿದೆ. ಆಯಿ ಬೇಡ ಬೇಡ ಎಂದು ಕೈ ಆಡಿಸಿದಳು, ಆಮೇಲೆ ಸೆರಗು ಬಾಯಿಗಿಟ್ಟು ಅಳತೊಡಗಿದಳು. ಮೊಮ್ಮಗನೊಬ್ಬನೇ ಉಳಿದಿದ್ದಾನೆ, ಅವನನ್ನಾದರೂ ಉಳಿಸಿಕೊಡು ಎಂದು ಯಾವ ದೇವರಿಗೋ ಹೇಳುತ್ತಿದ್ದಳು. ಅಕ್ಕ ಪಕ್ಕಕ್ಕೆ ಸರಿದು, ಅಳು ನಿಲ್ಲುವ ತನಕ ಅವಳ ಬೆನ್ನು ಸವರಿದಳು. ಚಹಾ ಪೂರ್ತಿ ಕುಡಿದಳು, ಅವತ್ತು ಮರೆಯಲಿಲ್ಲ.

ಹೊಸ ಮುಖಪುಟದ ಫೋಟೋ ತೆಗೆದವಳು ನಾನು. ಅದೇ ಕಪ್ಪು, ಅದೇ ಹೊಗೆ, ನಡುವೆ ಕನ್ನಡಕದ ಅಕ್ಕ, ಕೊರಳಲ್ಲಿ ಹೆಡ್‌ಫೋನು. ನಗು ಎಂದರೆ ನಗಲಿಲ್ಲ. ಬಣ್ಣದಲ್ಲೇ ಬಿಡೋಣ, ಆಯಿಗೆ ಏನಾದರೂ ಹೇಳಿದರಾಯಿತು ಎಂದೆ. ಕೊಟ್ಟ ಮಾತು ಕೊಟ್ಟ ಹಾಗೆ ಎಂದು ತಾನೇ ಬಣ್ಣ ತೆಗೆದಳು. ‘ಗದ್ದಲ’ ಹೊರಬಂತು. ಸವಣೂರು, ಶಿಗ್ಗಾಂವಿಯ ಹುಡುಗರು ಈ ಹಾಡುಗಾರ್ತಿ ಯಾರು, ಯಾವ ಬ್ಯಾಂಡಿನವಳು ಎಂದು ಕೇಳಿ ಕಳಿಸಿದರು. ಹಿರೇಕೆರೂರಿನ ಹುಡುಗಿಯೊಬ್ಬಳು ಆ ಪುಟವನ್ನು ಗೋಡೆಗೆ ಅಂಟಿಸಿದ ಫೋಟೋ ಬಂದಾಗ ಅಕ್ಕ ಅದನ್ನು ಗಿರಾಕಿಗಳಿಗೆಲ್ಲ ತೋರಿಸಿದಳು. ಆಯಿ ಬೀಗ ತೆಗೆದಳು. ತಿಳವಳ್ಳಿಯಲ್ಲಿ ಮತ್ತೆ ಸದ್ದು ಶುರುವಾಯಿತು.

ಎರಡನೆಯ ಸಂಚಿಕೆ ಬರಲಿಲ್ಲ. ನಮ್ಮ ಪರೀಕ್ಷೆ ಮುಗಿಯುವಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಳು, ಮಳೆಗಾಲ ಹಿಡಿಯುವ ಮುಂಚೆ ಹೋಗಿಬಿಟ್ಟಳು. ಮಣ್ಣಿಗೆ ತಿಳವಳ್ಳಿಯಿಂದ ಬಹಳ ಜನ ಬಂದಿದ್ದರು. ಆ ಹುಡುಗನ ಸಾವು ತಾನು ತಗೊಂಡಳು ಎಂದು ಹೆಂಗಸರು ಪಿಸುಗುಡುತ್ತಿದ್ದರು. ನನಗೆ ಮೈ ಉರಿಯಿತು. ಹುಡುಗ ಇನ್ನು ಬಾರಿಸುವುದಿಲ್ಲ ಎಂದು ಕೋಲು ಮುರಿದು ಹಾಕಿದ. ಆಗ ಆಯಿಯೇ ಹೊಸ ಕೋಲು ತರಿಸಿ ಅವನ ಕೈಗೆ ಕೊಟ್ಟು, ಆಕೆ ಕೊಟ್ಟದ್ದನ್ನು ಕೆಡಿಸಬೇಡ ಎಂದಳಂತೆ. ಅವನು ಈಗಲೂ ಬಾರಿಸುತ್ತಾನೆ, ಅದರಲ್ಲೇ ಅನ್ನ ಕಂಡುಕೊಂಡಿದ್ದಾನೆ.

ಮಣ್ಣಾದ ಮರುದಿನ ಅಕ್ಕನ ಅವ್ವ ನನಗೊಬ್ಬಳಿಗೇ ಒಂದು ಮಾತು ಹೇಳಿದಳು. ಅಂಗಡಿ ಮುಚ್ಚಿದ್ದ ಆ ವಾರ ಹುಬ್ಬಳ್ಳಿಯ ಡಾಕ್ಟರು ಎಲ್ಲವನ್ನೂ ಹೇಳಿಬಿಟ್ಟಿದ್ದರು: ಎದೆಯ ಗಂಟು, ಬಹಳ ದೂರ ಹಬ್ಬಿದೆ ಎಂದು. ತಿಳವಳ್ಳಿಗೆ ಹೋದದ್ದು ಅದು ಗೊತ್ತಾದ ಮೇಲೆ. ಈ ಜಡ್ಡಿನ ಹೆಸರು ಯಾರ ಮುಂದೆಯೂ ತೆಗೆಯಬೇಡ ಎಂದು ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಳು. ಹೆಂಗಸರ ಇಂಥ ಜಡ್ಡನ್ನು ನಮ್ಮ ಕಡೆ ಮುಚ್ಚಿಟ್ಟೇ ಮಣ್ಣು ಮಾಡುತ್ತಾರೆ. ಹೋದ ವರ್ಷ ಆ ಅವ್ವನೂ ತೀರಿಕೊಂಡಳು. ಆಯಿಗೆ ವಯಸ್ಸಾಗಿದೆ, ನಮ್ಮ ಮನೆಯ ಸಾವು ಮಂದಿಯ ಮಗಳಿಗೆ ಹೋಯಿತು ಎಂದು ದಿನಾ ಕೊರಗುತ್ತಾಳೆ ಎಂದು ಹುಡುಗ ಫೋನಿನಲ್ಲಿ ಹೇಳಿದ್ದ. ಅದಕ್ಕೇ ಹೋದ ತಿಂಗಳು ನಾನು ತಿಳವಳ್ಳಿಗೆ ಹೊರಟಿದ್ದು. ಆ ಭಾರ ಹೊತ್ತುಕೊಂಡು ಅವಳು ಸಾಯಬಾರದು ಎಂದಷ್ಟೇ ನನ್ನ ಮನಸ್ಸಿನಲ್ಲಿತ್ತು.

ಮುಂದಿನ ಬಸ್ಸಿಗೆ ಹೋದೆ. ಆಯಿ ಗೋಡೆಗೊರಗಿ ಕೂತಿದ್ದಳು, ಕಣ್ಣು ಮಂಜಾಗಿದ್ದವು. ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅಕ್ಕನಿಗೆ ಮೊದಲೇ ಜಡ್ಡಿತ್ತು, ನಿಮ್ಮ ಮನೆಗೆ ಬರುವ ಮುಂಚೆಯೇ ಅವಳಿಗೆ ಅದು ಗೊತ್ತಿತ್ತು, ನಿಮ್ಮದೇನೂ ತಪ್ಪಿಲ್ಲ ಎಂದೆ. ಅವಳ ಮುಖ ಹಗುರವಾಗುವುದನ್ನು ನೋಡಲು ಕಾದೆ. ಅದು ಹಗುರವಾಗಲಿಲ್ಲ.

“ಅಂದ್ರ ಅವತ್ತ ಆಕಿ ಸಾಯಾಕತ್ತಿದ್ಲು,” ಎಂದಳು ಆಯಿ. “ಸಾಯಾಕತ್ತಾಕಿ ಮುಂದ ಕುಂತು ನಾನು ನನ್ನ ಮೊಮ್ಮಗನ ಜೀವಕ್ಕ ಅತ್ತೆ. ಆಕಿ ನನ್ನ ಬೆನ್ನ ಸವರಿದ್ಲು. ಆಕಿ ಬೆನ್ನ ಯಾರ ಸವರಿದ್ರವ್ವ?”

ನಾನೂ ಅವತ್ತು ಅಲ್ಲೇ ಇದ್ದೆ, ಅಕ್ಕನ ಪಕ್ಕದಲ್ಲೇ ಕೂತಿದ್ದೆ… ಅವಳು ಹೋದ ಇಷ್ಟು ವರ್ಷ ನಾನು ಊರಿನ ಮೇಲೆ ಸಿಟ್ಟಾಗಿದ್ದೆ, ಅಷ್ಟೇ. ಅವಳಿಗಾಗಿ ಮೊದಲ ಸಲ ಅತ್ತದ್ದು ಹೋದ ತಿಂಗಳು, ಆಯಿಯ ಮಗ್ಗುಲಲ್ಲಿ.